ಸಂಸದೀಯ ಸಮಿತಿಯ ವರದಿ ಓದುವುದು ಹೇಗೆ: ಕೊನೆಯ ಪುಟದಿಂದ ಶುರು ಮಾಡಿ

ಟಿವಿಯಲ್ಲಿ ಕಾಣುವ ಸಂಸತ್ತು ಅಂದರೆ ಗಲಾಟೆ. ಫಲಕ ಹಿಡಿದು ಸದನದ ಬಾವಿಗೆ ಇಳಿಯುತ್ತಾರೆ, ಸ್ಪೀಕರ್ ಕೂತ್ಕೊಳ್ಳಿ ಕೂತ್ಕೊಳ್ಳಿ ಅನ್ನುತ್ತಾರೆ, ಯಾರೂ ಕೂರುವುದಿಲ್ಲ, ಕಲಾಪ ಮಧ್ಯಾಹ್ನ ಎರಡಕ್ಕೆ ಮುಂದೂಡಿಕೆ. ಆದರೆ ಅದೇ ಸಂಸದರಲ್ಲಿ ಕೆಲವರು ಅದೇ ವಾರ ಸಂಸತ್ ಭವನದ ಅನೆಕ್ಸ್ ಕಟ್ಟಡದಲ್ಲಿ, ಕ್ಯಾಮೆರಾ ಇಲ್ಲದ ಒಂದು ಕೋಣೆಯಲ್ಲಿ, ಯಾವುದೋ ಇಲಾಖೆಯ ಕಾರ್ಯದರ್ಶಿಯನ್ನು ಎದುರಿಗೆ ಕೂರಿಸಿಕೊಂಡು "ಹೋದ ವರ್ಷ ಕೊಟ್ಟ ದುಡ್ಡು ಯಾಕೆ ಉಳಿಯಿತು, ಬರೆದು ಕೊಡಿ" ಅಂತ ಕೇಳುತ್ತಿರುತ್ತಾರೆ. ಅಲ್ಲಿ ಆಡಳಿತ ಪಕ್ಷದವರೂ ಪ್ರಶ್ನೆ ಕೇಳುತ್ತಾರೆ. ಕ್ಯಾಮೆರಾ ಇಲ್ಲದಿರುವುದೇ ಅದಕ್ಕೆ ಕಾರಣ ಅಂತ ನನ್ನ ಅನುಮಾನ.

ಈ ಸಮಿತಿಗಳಿಗೆ ಆದೇಶ ಹೊರಡಿಸುವ ಅಧಿಕಾರ ಇಲ್ಲ. ಮಸೂದೆಯನ್ನು ತಡೆಯಲಾರವು. ಬಜೆಟ್‌ನಲ್ಲಿ ಒಂದು ರೂಪಾಯಿ ಕಡಿತ ಮಾಡಲಾರವು. ಕೇಳಬಹುದು, ಉತ್ತರ ಬರೆಸಿಕೊಳ್ಳಬಹುದು, ಆ ಉತ್ತರವನ್ನು ಅಚ್ಚು ಹಾಕಿ ಸದನದ ಮುಂದೆ ಇಡಬಹುದು, ಅಷ್ಟೇ. ನಮಗೆ ಬೇಕಾಗಿರುವುದು ಆ ಬರೆಸಿಕೊಂಡ ಉತ್ತರವೇ. ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದನ್ನು ನಾಳೆ "ನಾನು ಹಾಗೆ ಹೇಳಲೇ ಇಲ್ಲ" ಅನ್ನಬಹುದು. ಸಮಿತಿಗೆ ಬರೆದುಕೊಟ್ಟಿದ್ದನ್ನು ಹಾಗೆ ಅನ್ನೋಕೆ ಆಗಲ್ಲ. ಆ ಉತ್ತರಗಳನ್ನು ಹುಡುಕಿ ತೆಗೆಯುವುದು ಹೇಗೆ, ಮಸೂದೆ ಸಮಿತಿಯ ಮುಂದಿರುವಾಗ ನಾವೇ ಒಂದು ಮಾತು ಸೇರಿಸುವುದು ಹೇಗೆ, ಇಲ್ಲಿ ಅದನ್ನು ಹೇಳುತ್ತೇನೆ.

ಮೊದಲು ಯಾವ ಸಮಿತಿ ಅಂತ ಪತ್ತೆ ಮಾಡಿ

ಇಲಾಖೆಗಳನ್ನು ಹಂಚಿಕೊಂಡಿರುವ ಸ್ಥಾಯಿ ಸಮಿತಿಗಳು 24 ಇವೆ. 1993ರಲ್ಲಿ 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲೂ 31 ಜನ: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಮಂತ್ರಿಯಾದವರು ಸದಸ್ಯರಾಗುವಂತಿಲ್ಲ. ಕೇಂದ್ರದ ಪ್ರತಿ ಇಲಾಖೆಯೂ ಇವುಗಳಲ್ಲಿ ಒಂದರ ಕೈಗೆ ಬರುತ್ತದೆ.

ಇಲ್ಲೊಂದು ಸಣ್ಣ ಎಡವಟ್ಟು ಇದೆ. ಈ 24ರಲ್ಲಿ 16 ಸಮಿತಿಗಳು ಲೋಕಸಭಾ ಸ್ಪೀಕರ್ ಅಡಿಯಲ್ಲಿ, 8 ರಾಜ್ಯಸಭೆಯ ಸಭಾಪತಿ ಅಡಿಯಲ್ಲಿ. ಎರಡರ ವರದಿಗಳೂ ಸಂಸತ್ತಿನ ಜಾಲತಾಣದಲ್ಲೇ ಸಿಗುತ್ತವೆ, ಆದರೆ ಬೇರೆ ಬೇರೆ ಪುಟಗಳಲ್ಲಿ. ನಾನು ಮೊದಲ ಸಲ ಆರೋಗ್ಯ ಸಮಿತಿಯ ವರದಿ ಬೇಕು ಅಂತ ಲೋಕಸಭೆಯ ಪುಟದಲ್ಲಿ ಅರ್ಧ ಗಂಟೆ ತಡಕಾಡಿ, ಇಲ್ಲವೇನೋ ಅಂತ ಕೈಬಿಟ್ಟಿದ್ದೆ. ಆರೋಗ್ಯ, ಗೃಹ, ಶಿಕ್ಷಣ, ವಾಣಿಜ್ಯ, ಕೈಗಾರಿಕೆ, ಸಾರಿಗೆ, ಪರಿಸರ, ಕಾನೂನು ಇವೆಲ್ಲ ರಾಜ್ಯಸಭೆಯ ಕಡೆ. ಹಣಕಾಸು, ಕೃಷಿ, ರೈಲ್ವೆ, ರಕ್ಷಣೆ, ಗ್ರಾಮೀಣಾಭಿವೃದ್ಧಿ ಲೋಕಸಭೆಯ ಕಡೆ. ಇಷ್ಟು ನೆನಪಿಟ್ಟುಕೊಂಡರೆ ಹುಡುಕಾಟ ಎಷ್ಟೋ ಕಮ್ಮಿಯಾಗುತ್ತದೆ.

ದುಡ್ಡಿನ ಲೆಕ್ಕಕ್ಕೆ ಅಂತಲೇ ಮೂರು ಹಳೆಯ ಸಮಿತಿಗಳಿವೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದರೆ ಎಲ್ಲರೂ ಪಿಎಸಿ ಅನ್ನುವುದು. ಅಂದಾಜು ಸಮಿತಿ, ಇದರ ಮೂವತ್ತೂ ಜನ ಲೋಕಸಭೆಯವರೇ. ಸಾರ್ವಜನಿಕ ಉದ್ದಿಮೆಗಳ ಸಮಿತಿ, ಇದು ಸರ್ಕಾರಿ ಕಂಪನಿಗಳನ್ನು ನೋಡಿಕೊಳ್ಳುತ್ತದೆ. ಇವಲ್ಲದೆ ಒಂದೇ ಮಸೂದೆಗೋ ಒಂದೇ ಹಗರಣಕ್ಕೋ ಅಂತ ಹುಟ್ಟಿ ಕೆಲಸ ಮುಗಿದ ಮೇಲೆ ಇಲ್ಲವಾಗುವ ಆಯ್ಕೆ ಸಮಿತಿಗಳು, ಜಂಟಿ ಸಂಸದೀಯ ಸಮಿತಿಗಳು. ಜೆಪಿಸಿ ಅಂತ ಸುದ್ದಿಯಲ್ಲಿ ಬರುವುದು ಇದೇ.

ಮಸೂದೆ ಸಮಿತಿಗೆ ಹೋಗಿದೆಯಾ, ಅದನ್ನು ಮೊದಲು ನೋಡಿ

ಎಲ್ಲ ಮಸೂದೆಯೂ ಸಮಿತಿಗೆ ಹೋಗಲೇಬೇಕು ಅಂತ ನಿಯಮ ಇಲ್ಲ. ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದ ಪ್ರಕಾರ 15ನೇ ಲೋಕಸಭೆಯಲ್ಲಿ (2009-14) ಶೇ 71ರಷ್ಟು ಮಸೂದೆಗಳು ಸಮಿತಿ ಮೆಟ್ಟಿಲು ಹತ್ತಿದ್ದವು, 17ನೇ ಲೋಕಸಭೆಯಲ್ಲಿ (2019-24) ಶೇ 16. 2020ರ ಮೂರು ಕೃಷಿ ಮಸೂದೆಗಳು ಹೋಗಲಿಲ್ಲ. ರಾಜ್ಯಸಭೆಯಲ್ಲಿ ವಿರೋಧ ಪಕ್ಷಗಳು ಆಯ್ಕೆ ಸಮಿತಿಗೆ ಕಳಿಸಿ ಅಂತ ಪಟ್ಟು ಹಿಡಿದವು, ಧ್ವನಿಮತದಲ್ಲಿ ಪಾಸಾಯಿತು, ಮುಂದೆ ವರ್ಷವಿಡೀ ದೆಹಲಿ ಗಡಿಯಲ್ಲಿ ರೈತರು ಕೂತಿದ್ದು, 2021ರ ನವೆಂಬರ್‌ನಲ್ಲಿ ಕಾಯ್ದೆ ವಾಪಸಾಗಿದ್ದು ಎಲ್ಲರಿಗೂ ಗೊತ್ತು. ಸಮಿತಿಗೆ ಹೋಗಿದ್ದರೆ ಹಾಗಾಗುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಜಗಳ ರಸ್ತೆಗೆ ಬರುವ ಮೊದಲು ಕೂತು ಮಾತಾಡುವ ಒಂದು ಕೋಣೆಯಂತೂ ಇತ್ತು.

ಸಮಿತಿಗೆ ಹೋಗಿದೆ ಅಂತ ಖಚಿತವಾದ ಮೇಲೆ ಮೂಲ ಮಸೂದೆ ಇಳಿಸಿಕೊಳ್ಳಿ. ಮೊದಲ ಸಾಲಿನಿಂದ ಓದಬೇಡಿ, ನಿದ್ದೆ ಬರುತ್ತದೆ. ಕೊನೆಗೆ ಹೋಗಿ. ಅಲ್ಲಿ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತದೆ, ಮಂತ್ರಿ ಸಹಿ ಮಾಡಿದ ಒಂದೆರಡು ಪುಟ. ಅದರ ಹಿಂದೆಯೇ ಹಣಕಾಸಿನ ಟಿಪ್ಪಣಿ, ಈ ಕಾನೂನಿಗೆ ಸರ್ಕಾರದ ಬೊಕ್ಕಸದಿಂದ ಎಷ್ಟು ಹೋಗುತ್ತದೆ ಅಂತ. ಅದರ ನಂತರ ಇನ್ನೊಂದು ಟಿಪ್ಪಣಿ, ಯಾವ ಯಾವ ವಿಷಯವನ್ನು ಮುಂದೆ ನಿಯಮ ಮಾಡಿ ತೀರ್ಮಾನಿಸಲು ಸರ್ಕಾರದ ಕೈಗೇ ಬಿಡಲಾಗಿದೆ ಅಂತ. ಈ ಕೊನೆಯದನ್ನು ಜನ ಓದುವುದೇ ಇಲ್ಲ. ನನ್ನ ಪ್ರಕಾರ ಇಡೀ ಮಸೂದೆಯಲ್ಲಿ ಹೆಚ್ಚು ವಿಷಯ ಸಿಗುವ ಪುಟ ಅದೇ. ಕಾನೂನಿನ ಭಾಷೆಯಲ್ಲಿ "ನಿಯಮಿಸಬಹುದಾದಂತೆ" ಅಂತ ಒಂದು ಪದ ಬರುತ್ತದಲ್ಲ, ಅದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಸಂಸತ್ತು "ವಿವರ ನೀವೇ ನೋಡ್ಕೊಳ್ಳಿ" ಅಂತ ಅಧಿಕಾರಿಗಳಿಗೆ ಹೇಳುತ್ತಿದೆ ಅಂತ ಅರ್ಥ. ಅವುಗಳನ್ನು ಎಣಿಸಿ. ಶುಲ್ಕ ಎಷ್ಟು, ಎಷ್ಟು ದಿನದೊಳಗೆ ಅರ್ಜಿ, ಮೇಲ್ಮನವಿ ಯಾರಿಗೆ ಅನ್ನುವಂಥ ಜನರಿಗೆ ತಟ್ಟುವ ವಿಷಯಗಳೇ ಅಲ್ಲಿಗೆ ಹೋಗಿ ಕೂತಿದ್ದರೆ ಸಮಿತಿ ಕೇಳಬೇಕಾದ ಮೊದಲ ಪ್ರಶ್ನೆ ಸಿಕ್ಕಿತು.

ಇದು ಸುಮ್ನೆ ಹೇಳುವ ಮಾತಲ್ಲ. ಪೌರತ್ವ ತಿದ್ದುಪಡಿ ಕಾಯ್ದೆ ಪಾಸಾಗಿದ್ದು 2019ರ ಡಿಸೆಂಬರ್‌ನಲ್ಲಿ, ಅದರ ನಿಯಮಗಳು ಬಂದಿದ್ದು 2024ರ ಮಾರ್ಚ್‌ನಲ್ಲಿ. ನಡುವೆ ಸರ್ಕಾರ ಮತ್ತೆ ಮತ್ತೆ ಗಡುವು ವಿಸ್ತರಣೆ ಕೇಳಿತು. ಕೇಳಿದ್ದು ಯಾರನ್ನು? ಇನ್ನೊಂದು ಸಂಸದೀಯ ಸಮಿತಿಯನ್ನೇ, ಅಧೀನ ಶಾಸನ ಸಮಿತಿ ಅಂತ ಅದರ ಹೆಸರು. ಕಾಯ್ದೆ ಬಂದ ಮೇಲೆ ನಿಯಮಗಳು ಹೊತ್ತಿಗೆ ಸರಿಯಾಗಿ ಬಂದವಾ, ಕಾಯ್ದೆಯ ಗೆರೆ ದಾಟಿದವಾ ಅಂತ ನೋಡುವುದೇ ಇದರ ಕೆಲಸ.

ಒಳಗೆ ಏನು ನಡೆಯುತ್ತದೆ ಅಂದರೆ, ಮೊದಲು ಇಲಾಖೆಯವರು ಬಂದು ಮಸೂದೆ ಯಾಕೆ ಬೇಕು ಅಂತ ವಿವರಿಸುತ್ತಾರೆ. ಆಮೇಲೆ ಹೊರಗಿನವರು: ವಕೀಲರು, ವೈದ್ಯರು, ಸಂಘಟನೆಗಳು, ಉದ್ಯಮದವರು, ಕೆಲವೊಮ್ಮೆ ರಾಜ್ಯ ಸರ್ಕಾರಗಳು. ಕೊನೆಗೆ ಒಂದೊಂದೇ ಖಂಡ ಹಿಡಿದು ಇರಲಿ, ಬೇಡ, ಹೀಗೆ ಬದಲಿಸಿ ಅಂತ ತೀರ್ಮಾನ. ಮಸೂದೆಯಲ್ಲಿ ಖಂಡ ಅನ್ನುವುದೇ ಪಾಸಾದ ಮೇಲೆ ಸೆಕ್ಷನ್ ಆಗುತ್ತದೆ, ಹೆದರಬೇಡಿ.

ಒಂದು ಮಸೂದೆಯನ್ನು ಹತ್ತಿರದಿಂದ ನೋಡೋಣ. ಬಾಡಿಗೆ ತಾಯ್ತನ ನಿಯಂತ್ರಣ ಮಸೂದೆ 2019ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಪಾಸಾಗಿತ್ತು. ಅದರಲ್ಲಿ ಬಾಡಿಗೆ ತಾಯಿ ದಂಪತಿಯ ಹತ್ತಿರದ ಸಂಬಂಧಿಯೇ ಆಗಿರಬೇಕು ಅಂತ ಇತ್ತು. ಹತ್ತಿರದ ಸಂಬಂಧಿ ಅಂದರೆ ಯಾರು ಅಂತ ಬರೆದಿರಲಿಲ್ಲ. ಆಕೆಗೆ 16 ತಿಂಗಳ ವಿಮೆ ಅಂತ ಇತ್ತು. ರಾಜ್ಯಸಭೆ ಅದನ್ನು 23 ಜನರ ಆಯ್ಕೆ ಸಮಿತಿಗೆ ಕಳಿಸಿತು, ಅಧ್ಯಕ್ಷರು ಭೂಪೇಂದರ್ ಯಾದವ್. ಸಮಿತಿ 2020ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು: ಸಂಬಂಧಿಯೇ ಆಗಬೇಕಿಲ್ಲ, ಒಪ್ಪಿ ಮುಂದೆ ಬರುವ ಮಹಿಳೆ ಸಾಕು, ವಿಮೆ 36 ತಿಂಗಳಿರಲಿ, ವಿಧವೆಯರಿಗೂ ವಿಚ್ಛೇದಿತೆಯರಿಗೂ ಅವಕಾಶ ಕೊಡಿ. 2021ರ ಕಾಯ್ದೆ ತೆರೆದು ನೋಡಿ, ಈ ಮೂರೂ ಅಲ್ಲಿವೆ. ಹೆರಿಗೆಯ ನಂತರ ಬರುವ ತೊಂದರೆಗೆ ಇನ್ನೂ 20 ತಿಂಗಳು ಆಸ್ಪತ್ರೆ ಖರ್ಚು ಸಿಗುತ್ತದೆ ಅಂದರೆ ಅದು ಒಬ್ಬ ಹೆಂಗಸಿನ ಬದುಕಲ್ಲಿ ಸಣ್ಣ ಮಾತಲ್ಲ, ಅಲ್ವಾ? ಟಿವಿಯಲ್ಲಿ ಇದರ ಬಗ್ಗೆ ಚರ್ಚೆ ಆಗಿದ್ದು ನನಗಂತೂ ನೆನಪಿಲ್ಲ.

ನೀವೂ ಹೀಗೇ ಮಾಡಿ. ಮೂಲ ಮಸೂದೆ, ಸಮಿತಿಯ ವರದಿ, ಕೊನೆಗೆ ಬಂದ ಕಾಯ್ದೆ, ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ನಿಮಗೆ ಆಸಕ್ತಿ ಇರುವ ಒಂದೇ ಒಂದು ಖಂಡ ಹೋಲಿಸಿ. ಇಡೀ ಮಸೂದೆಗೆ ಕೈ ಹಾಕಿದರೆ ಎರಡನೇ ದಿನಕ್ಕೆ ಬಿಟ್ಟುಬಿಡುತ್ತೀರಿ.

ಎಲ್ಲ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. ವೈಯಕ್ತಿಕ ದತ್ತಾಂಶ ರಕ್ಷಣೆ ಮಸೂದೆ 2019ರ ಡಿಸೆಂಬರ್‌ನಲ್ಲಿ 30 ಜನರ ಜಂಟಿ ಸಮಿತಿಗೆ ಹೋಯಿತು. ಎರಡು ವರ್ಷ ಕೂತು, ನಡುವೆ ಅಧ್ಯಕ್ಷರೂ ಬದಲಾಗಿ, 2021ರ ಡಿಸೆಂಬರ್‌ನಲ್ಲಿ 81 ತಿದ್ದುಪಡಿ ಹೇಳಿತು. 2022ರ ಆಗಸ್ಟ್‌ನಲ್ಲಿ ಸರ್ಕಾರ ಮಸೂದೆಯನ್ನೇ ವಾಪಸ್ ತೆಗೆದುಕೊಂಡಿತು. ಬೇರೆ ಹೊಸ ಮಸೂದೆ ತಂದು 2023ರಲ್ಲಿ ಪಾಸು ಮಾಡಿಸಿತು. ಹಾಗಾದರೆ ಆ ವರದಿ ದಂಡವಾಯಿತಾ? ನನಗೆ ಹಾಗೆ ಅನ್ನಿಸಲ್ಲ. ಅದರ ಕೊನೆಯಲ್ಲಿ ಭಿನ್ನಮತದ ಟಿಪ್ಪಣಿಗಳಿವೆ. ಸರ್ಕಾರಿ ಸಂಸ್ಥೆಗಳಿಗೆ ಕಾನೂನಿನಿಂದ ವಿನಾಯಿತಿ ಕೊಡುವ 35ನೇ ಖಂಡದ ಬಗ್ಗೆ ಜೈರಾಮ್ ರಮೇಶ್ ಬರೆದಿರುವ ತಕರಾರು ಓದಿ. ಹೊಸ ಕಾಯ್ದೆಯ ಮೇಲೆ ಇವತ್ತೂ ಜನ ಎತ್ತುವ ಪ್ರಶ್ನೆ ಅಲ್ಲಿ ಆಗಲೇ ಇದೆ.

ನಿಮ್ಮ ಮಾತು ಕಳಿಸುವುದು

ಮಸೂದೆ ಕೈಗೆ ಬಂದ ಮೇಲೆ ಸಮಿತಿ ಸಾಮಾನ್ಯವಾಗಿ ಪತ್ರಿಕೆಯಲ್ಲಿ, ಜಾಲತಾಣದಲ್ಲಿ ಪ್ರಕಟಣೆ ಕೊಡುತ್ತದೆ: ಇಂತಿಷ್ಟು ದಿನದೊಳಗೆ ಸಲಹೆ ಕಳಿಸಿ ಅಂತ. ಸಾಮಾನ್ಯವಾಗಿ 15 ದಿನ. ಪ್ರಕಟಣೆ ಕಣ್ಣಿಗೆ ಬೀಳುವಷ್ಟರಲ್ಲಿ ಐದು ದಿನ ಹೋಗಿರುತ್ತದೆ, ಹಾಗಾಗಿ ಮಸೂದೆ ಸಮಿತಿಗೆ ಹೋದ ದಿನವೇ ಬರೆಯೋಕೆ ಶುರು ಮಾಡುವುದು ಒಳ್ಳೆಯದು. ಭಾಷೆ ಇಂಗ್ಲಿಷ್ ಅಥವಾ ಹಿಂದಿ ಅಂತಲೇ ಪ್ರಕಟಣೆಯಲ್ಲಿ ಇರುತ್ತದೆ. ಕನ್ನಡದಲ್ಲಿ ಯೋಚನೆ ಮಾಡಿ, ಕನ್ನಡದಲ್ಲಿ ನೋವು ತಿಂದು, ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಬೇಕು. ನನಗಿದು ಇಷ್ಟವಿಲ್ಲ, ಆದರೆ ಸದ್ಯಕ್ಕೆ ದಾರಿ ಅದೇ. ಗೊತ್ತಿರುವ ಮೇಷ್ಟ್ರೋ ವಕೀಲರೋ ಇದ್ದರೆ ಅವರಿಂದ ಅನುವಾದ ಮಾಡಿಸಿಕೊಳ್ಳಿ.

ಬರೆಯುವುದು ಹೇಗೆ? "ಈ ಮಸೂದೆ ಜನವಿರೋಧಿ, ವಾಪಸ್ ತೆಗೆದುಕೊಳ್ಳಿ" ಅಂತ ಬರೆದರೆ ಅದು ರಾಶಿಯಲ್ಲಿ ಸೇರುತ್ತದೆ. ಸಮಿತಿಯ ಸಿಬ್ಬಂದಿ ಬಂದ ಸಲಹೆಗಳನ್ನೆಲ್ಲ ಖಂಡವಾರು ಜೋಡಿಸುತ್ತಾರೆ ಅನ್ನುವುದನ್ನು ನೆನಪಿಡಿ. ಆದ್ದರಿಂದ ನೀವೂ ಖಂಡದ ಸಂಖ್ಯೆ ಹಾಕಿಯೇ ಶುರು ಮಾಡಿ. ಉದಾಹರಣೆಗೆ ಹೀಗೆ, ಸಂಖ್ಯೆ ಕಾಲ್ಪನಿಕ: "ಖಂಡ 14ರಲ್ಲಿ ದೂರು ಕೊಡಲು 30 ದಿನ ಎಂದಿದೆ. ನಮ್ಮಲ್ಲಿ ಆದೇಶದ ಪ್ರತಿ ಅಂಚೆಯಲ್ಲಿ ಕೈ ಸೇರಲು ಮೂರು ವಾರ ಹಿಡಿದ ಉದಾಹರಣೆ ಇದೆ, ಲಕೋಟೆಯ ನಕಲು ಲಗತ್ತಿಸಿದೆ. 'ಆದೇಶದ ದಿನದಿಂದ' ಎನ್ನುವ ಬದಲು 'ಆದೇಶ ಕೈ ಸೇರಿದ ದಿನದಿಂದ' ಎಂದು ಬದಲಿಸಿ." ಮೂರೇ ವಾಕ್ಯ. ಏನಿದೆ, ಏನು ತೊಂದರೆ, ಏನು ಬೇಕು. ಪುರಾವೆಗೆ ಒಂದು ಲಕೋಟೆ. ಇಂಥದ್ದನ್ನು ಓದುವ ಸಂಸದ ನಾಳೆಯೇ ಅಧಿಕಾರಿಗೆ ಕೇಳಬಹುದು, ಯಾಕಂದರೆ ಪ್ರಶ್ನೆ ಸಿದ್ಧವಾಗಿದೆ.

ಖುದ್ದಾಗಿ ಬಂದು ಮಾತಾಡಲು ಇಷ್ಟ ಅಂತಲೂ ಅದರಲ್ಲೇ ಬರೆಯಬಹುದು. ಕರೆಯುವುದು ಬಿಡುವುದು ಸಮಿತಿಗೆ ಬಿಟ್ಟಿದ್ದು. ಒಂದು ಎಚ್ಚರಿಕೆ: ಕಳಿಸಿದ ಸಲಹೆ ಸಮಿತಿಯ ದಾಖಲೆಯಾಗುತ್ತದೆ, ಅದನ್ನು ಗೋಪ್ಯ ಅಂತ ನೋಡುತ್ತಾರೆ. ಕಳಿಸಿದ ತಕ್ಷಣ ಸ್ಕ್ರೀನ್‌ಶಾಟ್ ಹಾಕಿ ಹಂಚಬೇಡಿ. ಸಮಿತಿಯ ಸಭೆಗಳೂ ಅಷ್ಟೇ, ವರದಿ ಸದನಕ್ಕೆ ಬರುವವರೆಗೆ ಒಳಗಿನ ಮಾತು ಹೊರಗೆ ಬರಬಾರದು ಅಂತ ನಿಯಮ. ಸುದ್ದಿ ವಾಹಿನಿಗಳಿಗೆ "ಮೂಲಗಳು" ಹೇಗೆ ಸಿಗುತ್ತವೆ ಅಂತ ಕೇಳಬೇಡಿ.

ದುಡ್ಡಿನ ಕಡೆ: ಖರ್ಚಿಗೆ ಮುಂಚೆ

ಬಜೆಟ್ ಫೆಬ್ರವರಿ 1ಕ್ಕೆ ಬರುತ್ತದೆ. ಕೆಲವು ದಿನ ಭಾಷಣ ಆಗಿ ಅಧಿವೇಶನಕ್ಕೆ ಬಿಡುವು ಕೊಡುತ್ತಾರೆ. ರಜೆ ಅಂತ ಅಂದುಕೊಳ್ಳಬೇಡಿ. ಆ ವಾರಗಳಲ್ಲೇ ಸ್ಥಾಯಿ ಸಮಿತಿಗಳು ತಮ್ಮ ತಮ್ಮ ಇಲಾಖೆಗಳ ಅನುದಾನ ಬೇಡಿಕೆಗಳನ್ನು, ಅಂದರೆ ಬರುವ ವರ್ಷಕ್ಕೆ ಇಷ್ಟು ದುಡ್ಡು ಬೇಕು ಅನ್ನುವ ಪಟ್ಟಿಗಳನ್ನು, ನೋಡುತ್ತವೆ. ಮಾರ್ಚ್‌ನಲ್ಲಿ ವರದಿಗಳು ಒಟ್ಟಿಗೆ ಬಂದು ಬೀಳುತ್ತವೆ. ಯಾಕೆ ಇದು ಮುಖ್ಯ ಅಂದರೆ, ಸದನದಲ್ಲಿ ಬೆರಳೆಣಿಕೆಯಷ್ಟು ಇಲಾಖೆಗಳ ಬಗ್ಗೆ ಮಾತ್ರ ಚರ್ಚೆಯಾಗುತ್ತದೆ, ಉಳಿದದ್ದನ್ನು ಗಿಲೊಟಿನ್ ಅಂತ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. 2023ರ ಮಾರ್ಚ್ 23ರಂದು ಲೋಕಸಭೆ ಸುಮಾರು 45 ಲಕ್ಷ ಕೋಟಿ ರೂಪಾಯಿ ಬಜೆಟ್ಟಿಗೆ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಒಪ್ಪಿಗೆ ಕೊಟ್ಟಿತು. ಆ ವರ್ಷ ಯಾವುದಾದರೂ ಇಲಾಖೆಯ ದುಡ್ಡನ್ನು ಯಾರಾದರೂ ಸಾಲು ಹಿಡಿದು ನೋಡಿದ್ದರೆ ಅದು ಸಮಿತಿ ಕೋಣೆಯಲ್ಲೇ.

ಈ ವರದಿಗಳಲ್ಲಿ ಮೂರು ಕಾಲಂಗಳಿರುವ ಒಂದು ಕೋಷ್ಟಕ ಹುಡುಕಿ: ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ವಾಸ್ತವ ಖರ್ಚು. ಬಜೆಟ್ ದಿನ ಪೇಪರಿನಲ್ಲಿ ದೊಡ್ಡದಾಗಿ ಬರುವುದು ಮೊದಲನೆಯದು. ನಿಮಗೆ ಬೇಕಾದದ್ದು ಮೂರನೆಯದು. ಒಂದು ಯೋಜನೆಗೆ ಫೆಬ್ರವರಿಯಲ್ಲಿ 1,000 ಕೋಟಿ ಅಂತ ಘೋಷಣೆ ಆಗಿ, ಮುಂದಿನ ವರ್ಷದ ಹೊತ್ತಿಗೆ ಅದು 600 ಕೋಟಿಗೆ ಇಳಿದು, ಖರ್ಚಾಗಿದ್ದು 350 ಕೋಟಿ ಅಂತಿಟ್ಟುಕೊಳ್ಳಿ. ಯಾಕೆ ಹೀಗಾಯಿತು ಅನ್ನುವುದಕ್ಕೆ ಇಲಾಖೆ ಬರೆದುಕೊಟ್ಟ ಉತ್ತರ ಕೋಷ್ಟಕದ ಕೆಳಗೇ ಇರುತ್ತದೆ. ರಾಜ್ಯಗಳು ಹಳೆಯ ಖರ್ಚಿನ ಲೆಕ್ಕ ಕೊಡಲಿಲ್ಲ, ಟೆಂಡರ್ ತಡವಾಯಿತು, ಹುದ್ದೆ ಖಾಲಿ ಇವೆ. ಇವೇ ಉತ್ತರಗಳು ವರ್ಷ ವರ್ಷವೂ ಬರುತ್ತಿದ್ದರೆ ಮೂರು ವರ್ಷದ ವರದಿ ಒಟ್ಟಿಗೆ ತೆರೆದು ನೋಡಿ, ಒಮ್ಮೊಮ್ಮೆ ಸಾಲು ಸಾಲೇ ಹಾಗೆಯೇ ಇರುತ್ತದೆ. ಇಲಾಖೆ ಎಷ್ಟು ಕೇಳಿತ್ತು, ಹಣಕಾಸು ಸಚಿವಾಲಯ ಎಷ್ಟು ಕೊಟ್ಟಿತು ಅನ್ನುವುದೂ ಸಿಗುತ್ತದೆ. ಅದು ಬಜೆಟ್ ಭಾಷಣದಲ್ಲಿ ಸಿಗಲ್ಲ.

ಒಂದು ಅಂಕಿ ಎಷ್ಟು ಕೆಲಸ ಮಾಡಬಲ್ಲದು ನೋಡಿ. ಮಹಿಳಾ ಸಬಲೀಕರಣ ಸಮಿತಿ ಅಂತ ಒಂದಿದೆ. 2021ರ ಡಿಸೆಂಬರ್‌ನಲ್ಲಿ ಅದು ಬೇಟಿ ಬಚಾವೊ ಬೇಟಿ ಪಢಾವೊ ಯೋಜನೆಯ ಬಗ್ಗೆ ವರದಿ ಕೊಟ್ಟಿತು. 2016ರಿಂದ 2019ರ ನಡುವೆ ಬಿಡುಗಡೆಯಾದ 446.72 ಕೋಟಿಯಲ್ಲಿ ಶೇ 78.91 ಪ್ರಚಾರಕ್ಕೇ ಹೋಗಿದೆ ಅಂತ ಅದರಲ್ಲಿ ಇತ್ತು. ಲೆಕ್ಕ ಹಾಕಿದರೆ ಸುಮಾರು 352 ಕೋಟಿ. ಆಗ ಸಮಿತಿಯ ಅಧ್ಯಕ್ಷೆ ಹೀನಾ ಗಾವಿತ್, ಆಡಳಿತ ಪಕ್ಷದವರೇ. ಇಂಥ ಒಂದು ಸಾಲಿಗಾಗಿ ನಾನು ಇನ್ನೂರು ಪುಟ ಓದಲು ತಯಾರು.

ಖರ್ಚಾದ ಮೇಲೆ

ಪಿಎಸಿ ಎಲ್ಲಕ್ಕಿಂತ ಹಿರಿಯದು, 1921ರಿಂದ ಇದೆ. 22 ಜನ, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ವಾಡಿಕೆ, ಮೊದಲನೆಯವರು ಮಿನೂ ಮಸಾನಿ. ಇದು ಬಜೆಟ್ ನೋಡುವುದಿಲ್ಲ. ದುಡ್ಡು ಖರ್ಚಾಗಿ, ಸಿಎಜಿ (ನಿಯಂತ್ರಕರು ಮತ್ತು ಮಹಾಲೇಖಪಾಲರು) ಲೆಕ್ಕ ತಪಾಸಣೆ ಮಾಡಿ, ಆ ವರದಿ ಸಂಸತ್ತಿಗೆ ಬಂದ ಮೇಲೆ ಇದರ ಕೆಲಸ ಶುರು. ಸಿಎಜಿ ವರದಿಯಲ್ಲಿರುವ ಆಕ್ಷೇಪಣೆಗಳನ್ನು ಕಚೇರಿಯವರು ಪ್ಯಾರಾ ಅನ್ನುತ್ತಾರೆ. ಎಲ್ಲ ಪ್ಯಾರಾಗಳನ್ನೂ ಪಿಎಸಿ ಕರೆದು ಕೇಳುವುದು ಸಾಧ್ಯವಿಲ್ಲ. ಕೆಲವನ್ನು ಆರಿಸಿಕೊಳ್ಳುತ್ತದೆ. ಉಳಿದವಕ್ಕೆ ಇಲಾಖೆಗಳು 4 ತಿಂಗಳಲ್ಲಿ ಏನು ಕ್ರಮ ಕೈಗೊಂಡೆವು ಅಂತ ಬರೆದು ಕೊಡಬೇಕು.

ಸಭೆಗೆ ಮಂತ್ರಿಯನ್ನು ಕರೆಯುವುದಿಲ್ಲ, ಬರುವುದು ಕಾರ್ಯದರ್ಶಿ. ಸಿಎಜಿ ಕಡೆಯವರು ಪಕ್ಕದಲ್ಲೇ ಇದ್ದು ಸದಸ್ಯರಿಗೆ ನೆರವಾಗುತ್ತಾರೆ, ಹಾಗಾಗಿ ಅಧಿಕಾರಿ ಬಾಯಿಮಾತಲ್ಲಿ ಒಂದು ಅಂಕಿ ಹೇಳಿ ಜಾರಿಕೊಳ್ಳುವುದು ಕಷ್ಟ. ಸಂಸತ್ತು ಒಪ್ಪಿದ್ದಕ್ಕಿಂತ ಜಾಸ್ತಿ ಖರ್ಚು ಮಾಡಿದ ಇಲಾಖೆ ಯಾವುದು, ಯಾಕೆ ಅನ್ನುವುದನ್ನೂ ಪಿಎಸಿಯೇ ನೋಡಬೇಕು. ಅದರ ಮೇಲೆ ಒಂದು ವರದಿ ಬರುತ್ತದೆ, ಅದು ತೆಳ್ಳಗಿರುತ್ತದೆ, ಹೊಸಬರು ಅದರಿಂದ ಶುರು ಮಾಡಬಹುದು. ದೂರು ಏನೆಂದರೆ ತಡ. ದುಡ್ಡು ಹೋಗಿ ವರ್ಷಗಳಾದ ಮೇಲೆ, ಸಹಿ ಹಾಕಿದ ಅಧಿಕಾರಿ ನಿವೃತ್ತಿಯಾಗಿ ಮೊಮ್ಮಕ್ಕಳ ಜೊತೆ ಇರುವಾಗ, ಅವರ ನಂತರದ ನಂತರದವರು ಬಂದು ಉತ್ತರ ಹೇಳುತ್ತಿರುತ್ತಾರೆ.

ಕೊನೆಯ ಪುಟದಿಂದ ಓದುವುದು ಅಂದರೆ

ವರದಿ ಕೈಗೆ ಬಂದಾಗ ನಾನು ಮೊದಲು ತೆರೆಯುವುದು ಅನುಬಂಧದಲ್ಲಿರುವ ಸಭೆಯ ನಡಾವಳಿ. ಯಾವ ದಿನ ಸಭೆ, ಯಾರು ಬಂದಿದ್ದರು, ಸಾಕ್ಷಿಯಾಗಿ ಯಾರನ್ನು ಕರೆದಿದ್ದರು, ಎಲ್ಲ ಇರುತ್ತದೆ. ಸದಸ್ಯರಲ್ಲಿ ಮೂರನೇ ಒಂದು ಭಾಗ ಇದ್ದರೆ ಸಭೆ ನಡೆಸಬಹುದು. ನಿಮ್ಮ ಸಂಸದರು ಆ ಸಮಿತಿಯಲ್ಲಿದ್ದರೆ ಅವರ ಹೆಸರು ಎಷ್ಟು ಸಭೆಗಳ ಪಟ್ಟಿಯಲ್ಲಿದೆ ಅಂತ ಎಣಿಸಿ. ಚುನಾವಣೆ ಹೊತ್ತಲ್ಲಿ ಕೇಳಲು ಇದಕ್ಕಿಂತ ಸರಳ ಪ್ರಶ್ನೆ ಸಿಗಲಿಕ್ಕಿಲ್ಲ. ಕರೆದ ಸಾಕ್ಷಿಗಳ ಪಟ್ಟಿಯೂ ಮಾತಾಡುತ್ತದೆ. ಕಾರ್ಮಿಕರ ಬಗ್ಗೆ ಮಸೂದೆ, ಬಂದವರೆಲ್ಲ ಮಾಲೀಕರ ಸಂಘದವರು ಅಂದರೆ ವರದಿ ಯಾವ ಕಡೆ ವಾಲುತ್ತದೆ ಅಂತ ಊಹಿಸಬಹುದು. ಹೆಣ್ಣುಮಕ್ಕಳ ಮದುವೆ ವಯಸ್ಸನ್ನು 18ರಿಂದ 21ಕ್ಕೆ ಏರಿಸುವ ಮಸೂದೆ 2021ರ ಕೊನೆಯಲ್ಲಿ ಸ್ಥಾಯಿ ಸಮಿತಿಗೆ ಹೋದಾಗ ಆ ಸಮಿತಿಯ 31 ಜನರಲ್ಲಿ ಮಹಿಳೆ ಒಬ್ಬರೇ ಇದ್ದರು. (ಆ ಮಸೂದೆ 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಲೋಕಸಭೆಯಲ್ಲಿ ಬಾಕಿ ಇರುವ ಮಸೂದೆಗಳ ಗತಿ ಅದೇ.)

ನಡಾವಳಿ ಆದಮೇಲೆ ಭಿನ್ನಮತದ ಟಿಪ್ಪಣಿ ಇದ್ದರೆ ಅದು. ಆಮೇಲೆ ದಪ್ಪ ಅಕ್ಷರದಲ್ಲಿರುವ ಶಿಫಾರಸುಗಳು. ಇಲ್ಲಿ ಕ್ರಿಯಾಪದ ನೋಡಿ. ಸಮಿತಿ "ಗಮನಿಸಿದೆ" ಅಂದರೆ ಸುಮ್ನೆ ಹೇಳಿ ಬಿಟ್ಟಿದೆ ಅಂತ. "ಬಯಸುತ್ತದೆ" ಅಂದರೆ ಮೆಲ್ಲಗೆ ಕೇಳಿದೆ. "ಬಲವಾಗಿ ಶಿಫಾರಸು ಮಾಡುತ್ತದೆ" ಅಂದರೆ ಒಳಗೆ ಮಾತು ಬಿಸಿಯಾಗಿತ್ತು. "ಪುನರುಚ್ಚರಿಸುತ್ತದೆ" ಅಂತ ಬಂದರೆ ಹೋದ ಸಲ ಹೇಳಿದ್ದನ್ನು ಇಲಾಖೆ ಕಿವಿಗೆ ಹಾಕಿಕೊಂಡಿಲ್ಲ.

ವರದಿ ಬಂದು ಸ್ಥಾಯಿ ಸಮಿತಿಯದಾದರೆ 3 ತಿಂಗಳೊಳಗೆ, ಪಿಎಸಿಯದಾದರೆ 6 ತಿಂಗಳೊಳಗೆ ಸರ್ಕಾರ ಉತ್ತರ ಕೊಡಬೇಕು. ಆ ಉತ್ತರದ ಮೇಲೆ ಸಮಿತಿ ಇನ್ನೊಂದು ವರದಿ ತರುತ್ತದೆ, ಕ್ರಮ ಕೈಗೊಂಡ ವರದಿ ಅಂತ. ಪತ್ರಕರ್ತರೂ ಇದನ್ನು ಹೆಚ್ಚಾಗಿ ಬಿಟ್ಟೇ ಬಿಡುತ್ತಾರೆ. ಇದರಲ್ಲಿ ಐದು ಅಧ್ಯಾಯ. ಎರಡನೆಯದರಲ್ಲಿ ಸರ್ಕಾರ ಒಪ್ಪಿಕೊಂಡ ಶಿಫಾರಸುಗಳು. ಮೂರನೆಯದರಲ್ಲಿ ಸರ್ಕಾರದ ಉತ್ತರ ಕೇಳಿ ಸಮಿತಿಯೇ ಹೋಗಲಿ ಬಿಡಿ ಅಂತ ಕೈಬಿಟ್ಟವು. ಐದನೆಯದರಲ್ಲಿ ಇನ್ನೂ ಉತ್ತರ ಬರಬೇಕಾದವು. ನಾಲ್ಕನೆಯದಕ್ಕೆ ನೇರವಾಗಿ ಹೋಗಿ. ಸರ್ಕಾರದ ಉತ್ತರವನ್ನು ಸಮಿತಿ ಒಪ್ಪದೇ ಇರುವ ವಿಷಯಗಳು ಅಲ್ಲಿವೆ. ಸಮಿತಿ ಹೇಳಿದ್ದು, ಇಲಾಖೆ ಬರೆದದ್ದು ಒಂದರ ಕೆಳಗೊಂದು ಇರುತ್ತದೆ, ಸಮಿತಿ ಮತ್ತೆ ಹೇಳಿದ್ದು ಮೊದಲ ಅಧ್ಯಾಯದಲ್ಲಿ. "ಪರಿಶೀಲನೆಯಲ್ಲಿದೆ", "ಸೂಕ್ತ ಕ್ರಮ ಜರುಗಿಸಲಾಗುವುದು", "ರಾಜ್ಯಗಳಿಗೆ ಪತ್ರ ಬರೆಯಲಾಗಿದೆ" ಅನ್ನುವ ಉತ್ತರಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಆಮೇಲೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದಿದ್ದರೆ ಇಲ್ಲಿಂದಲೇ ಹಾಕಿ: "ಇಂಥ ವರದಿಯ ಇಂಥ ಪ್ಯಾರಾಕ್ಕೆ ಪತ್ರ ಬರೆದಿದ್ದೇವೆ ಎಂದಿದ್ದೀರಿ, ಆ ಪತ್ರದ ನಕಲು ಕೊಡಿ." ಪತ್ರ ಇದ್ದರೆ ಸಿಗುತ್ತದೆ. ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಬೇಕು, ಅದೂ ಒಂದು ಉತ್ತರವೇ.

ವಿಧಾನಸೌಧದಲ್ಲೂ ಇದೆ

ನಮ್ಮ ರಾಜ್ಯದಲ್ಲೂ ಪಿಎಸಿ ಇದೆ, ಅಂದಾಜು ಸಮಿತಿ ಇದೆ, ಬೇಕಾದಾಗ ಸದನ ಸಮಿತಿ ಮಾಡುತ್ತಾರೆ. ಬೆಂಗಳೂರಿನ ಭೂಒತ್ತುವರಿ ಬಗ್ಗೆ ಎ.ಟಿ. ರಾಮಸ್ವಾಮಿ ಸಮಿತಿ, ಕೆರೆ ಒತ್ತುವರಿ ಬಗ್ಗೆ ಕೆ.ಬಿ. ಕೋಳಿವಾಡ ಸಮಿತಿ, ಇವೆಲ್ಲ ಅಂಥವೇ. ಮಸೂದೆಯ ಉದಾಹರಣೆ ಬೇಕಿದ್ದರೆ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ: 2024ರ ಜುಲೈನಲ್ಲಿ ಮಂಡನೆಯಾಗಿ, ರಿಜ್ವಾನ್ ಅರ್ಷದ್ ಅಧ್ಯಕ್ಷತೆಯ ಜಂಟಿ ಸದನ ಸಮಿತಿಗೆ ಹೋಗಿ, ಸಾರ್ವಜನಿಕರ ಅಭಿಪ್ರಾಯ ಕೇಳಿ, 2025ರ ಮಾರ್ಚ್‌ನಲ್ಲಿ ಪಾಸಾಯಿತು. ಇಲ್ಲಿನ ಅನುಕೂಲ ಭಾಷೆ. ರಾಜ್ಯದ ಸಿಎಜಿ ವರದಿಗಳು ಕನ್ನಡದಲ್ಲೂ ಬರುತ್ತವೆ, ಜಾಲತಾಣದಲ್ಲಿ ಉಚಿತ. ದೆಹಲಿಯ ವರದಿಗಳಿಗೆ ಕೈ ಹಾಕುವ ಮೊದಲು ಅದರಲ್ಲಿ ನಿಮ್ಮ ಜಿಲ್ಲೆಯ ಹೆಸರು ಹುಡುಕಿ ಒಂದು ಪ್ಯಾರಾ ಓದಿ ನೋಡಿ, ಶೈಲಿ ಅಭ್ಯಾಸವಾಗುತ್ತದೆ.

ಇನ್ನು ಕ್ಯಾಲೆಂಡರ್ ವಿಷಯ. ಪಿಎಸಿಯ ವರ್ಷ ಮೇ 1ಕ್ಕೆ ಶುರು. ಸ್ಥಾಯಿ ಸಮಿತಿಗಳ ಅವಧಿಯೂ ಒಂದು ವರ್ಷ, ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ ಹೊಸದಾಗಿ ರಚನೆಯಾಗುತ್ತವೆ. ರಚನೆಯಾದ ಕೆಲವು ವಾರಗಳಲ್ಲಿ ಪ್ರತಿ ಸಮಿತಿಯೂ ಆ ವರ್ಷ ಯಾವ ಯಾವ ವಿಷಯ ನೋಡುತ್ತೇವೆ ಅಂತ ಪಟ್ಟಿ ಹಾಕುತ್ತದೆ. ಆ ಪಟ್ಟಿಯಲ್ಲಿ ನಿಮ್ಮ ಕೆಲಸಕ್ಕೋ ಊರಿಗೋ ತಟ್ಟುವ ಒಂದು ವಿಷಯ ಆರಿಸಿಕೊಂಡು, ಆ ಸಮಿತಿಯಲ್ಲಿ ಕರ್ನಾಟಕದ ಸಂಸದರು ಯಾರಿದ್ದಾರೆ ನೋಡಿ, ಖಂಡದ ಸಂಖ್ಯೆಯೋ ಪ್ಯಾರಾ ಸಂಖ್ಯೆಯೋ ಹಾಕಿದ ಒಂದು ಪುಟದ ಪತ್ರವನ್ನು ಅವರ ಕಚೇರಿಗೂ ತಲುಪಿಸಿ. ಈ ಪತ್ರ ಮಾತ್ರ ಕನ್ನಡದಲ್ಲೇ ಇರಲಿ.